ಬಿಚ್ಚದ ಇಮಾಮ್ ಜಾಮಿನ್

ಆ ದಿನಗಳಲ್ಲಿ ನಮ್ಮ ವಾಡಿಯಲ್ಲಿ ದೂರದ ಊರಿಗೆ ಹೊರಟವರ ತೋಳಿಗೆ ಇಮಾಮ್ ಜಾಮಿನ್ ಕಟ್ಟದೆ ಹೊಸ್ತಿಲು ದಾಟಿಸುತ್ತಿರಲಿಲ್ಲ. ಹಸಿರು ಬಟ್ಟೆಯಲ್ಲಿ ನಾಣ್ಯ ಇಟ್ಟು ಹೊಲಿದು, ದುವಾ ಓದಿ ಕಟ್ಟೋದು. ಸುಖವಾಗಿ ಮುಟ್ಟಿದ ಮೇಲೆ ಬಿಚ್ಚಿ, ನಾಣ್ಯವನ್ನು ಅಲ್ಲಿಯ ಬಡವನ ಕೈಗೆ ಹಾಕಬೇಕು. ನಮ್ಮ ಓಣಿಯಲ್ಲಿ ಅದನ್ನು ಹೊಲಿಯುತ್ತಿದ್ದವಳು ನಮ್ಮ ದಾದಿ, ಅಪ್ಪನ ತಾಯಿ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬೇಸಿಗೆ ಸೂಟಿಯಲ್ಲಿ ಫ್ರಾನ್ಸಿನಿಂದ ಸಮೀನಾ ಆಪಾ ಬಂದಳು. ದಾದಿಯ ತಮ್ಮನ ಮಗಳು. ಆ ತಮ್ಮ ಸಣ್ಣವನಿದ್ದಾಗಲೇ ಸಂಬಂಧಿಕರೊಬ್ಬರ ಜೊತೆ ವಾಡಿಯಿಂದ ರೈಲು ಹತ್ತಿದವನು ತಿರುಗಿ ಬರಲೇ ಇಲ್ಲ, ಫ್ರಾನ್ಸಿನಲ್ಲೇ ತೀರಿಕೊಂಡಿದ್ದ. ಆಪಾ ಅವನ ಮೇಲೆ ಸಿನಿಮಾ ಮಾಡುವವಳಿದ್ದಳು. ಹೀರೋ ಇಲ್ಲ, ಹಾಡಿಲ್ಲ. ಒಂದು ಸಣ್ಣ ಕ್ಯಾಮೆರಾ, ಅದನ್ನು ಹಿಡಿಯಲು ಒಬ್ಬ ಗೆಳೆಯ.

"ಅಲ್ಲಿ ನನಗ ಇಂಡಿಯಾದಾಕಿ ಅಂತಾರ, ಇಲ್ಲಿ ಓಣಿಯವ್ರು ಫ್ರಾನ್ಸ್‌ದಾಕಿ ಅಂತಾರ," ಅಂದಳು, ತನ್ನ ಅಪ್ಪನಿಂದ ಕಲಿತ ಹರಕು ಮಾತಿನಲ್ಲಿ.

ದಾದಿ ಅವಳ ತಟ್ಟೆಗೆ ಮತ್ತಷ್ಟು ಚುರುಮರಿ ಸೂಸಲಾ ಹಾಕಿ, "ಮೊದ್ಲ ತಿನ್ನು. ಹೊಟ್ಟಿ ಯಾವ ದೇಶದ್ದು?" ಅಂದಳು.

ಊರು ಬಿಡುವ ಹುಡುಗನ ಪಾರ್ಟು ನನಗೆ ಬಂತು. ಗೆಳೆಯರು, "ಸಿನಿಮಾ ಗಿನಿಮಾ ಸುಳ್ಳಲೇ, ನಿನ್ನ ಒಯ್ಯಾಕ ಬಂದಾಳ," ಅಂತ ಕಾಡಿದರು. ಗೋಲಿ ಆಡುವಾಗಲೂ ಗುರಿ ತಪ್ಪುತ್ತಿತ್ತು.

ಶೂಟಿಂಗಿನ ದಿನ, "ಇವನಿಗೆ ಇಮಾಮ್ ಜಾಮಿನ್ ಸುಳ್ಳೇ ಕಟ್ಟಿದಂಗ ಮಾಡ್ರಿ," ಅಂದಳು ಆಪಾ. ದಾದಿಗೆ ಸುಳ್ಳೇ ಕಟ್ಟಲು ಬರುತ್ತಿರಲಿಲ್ಲ. ದುವಾ ಓದಿದಳು, ನನ್ನ ಮೇಲೆ ಊದಿದಳು, ಗಂಟು ಬಿಗಿದಳು. ನೋಡುತ್ತಿದ್ದ ನಮ್ಮ ಅಮ್ಮಿಯ ಮುಖ ಬಿಳಿಚಿತು. ಕಟ್ಟಿದ ಮೇಲೆ ಹೋಗಲೇಬೇಕು.

ಸ್ಟೇಷನ್ನಿನಲ್ಲಿ ಕಾದ ಕಬ್ಬಿಣದ ವಾಸನೆ, ಮಿರ್ಚಿ ಭಜಿ ವಾಸನೆ. ನಾನು ನಿಂತಿದ್ದ ರೈಲು ಹತ್ತಿ ಕಿಟಕಿಯಲ್ಲಿ ಕೂತೆ. ಕೆಳಗಿಂದ ಕ್ಯಾಮೆರಾ ನೋಡಿತು. "ಆತು, ಇಳಿ," ಅಂದಳು ಆಪಾ. ನಾನು ಸರಳು ಬಿಡಲಿಲ್ಲ. ಹೋಗಲು ಹೆದರಿಕೆ, ಇಳಿಯಲು ಇನ್ನೂ ಹೆದರಿಕೆ.

"ಇಳಿಯೋ!" ಅಮ್ಮಿ ಚೀರಿದಳು.

"ಹ್ಯಾಂಗ ಇಳೀಲಿ? ದಾದಿ ಕಟ್ಯಾಳ!"

ಸೀಟಿ ಹೊಡೆಯಿತು. ದಾದಿ ಬುರ್ಖಾ ಎತ್ತಿಕೊಂಡು ಹತ್ತಿದಳು, ಹಿಂದೆ ಅಮ್ಮಿ, ಆಪಾ. ಕ್ಯಾಮೆರಾದವನು ಕ್ಯಾಮೆರಾ ಹಿಡಿದುಕೊಂಡೇ ಪ್ಲಾಟ್ಫಾರ್ಮಿನಲ್ಲಿ ಉಳಿದ.

"ಇವನ್ನ ಎಲ್ಲಿಗ್ಯಾದ್ರೂ ಮುಟ್ಟಿಸಬೇಕು. ಶಹಾಬಾದ್ ಏನ್ ಕಡಿಮಿ ಊರೇನು?" ಅಂದಳು ದಾದಿ.

ಮುಂದಿನ ಸ್ಟೇಷನ್ ಶಹಾಬಾದಿನಲ್ಲಿ ಇಳಿದು, ಗೇಟಿನ ಬಳಿ ಕೂತ ಮುದುಕನಿಗೆ ನಾಣ್ಯ ಕೊಟ್ಟ ಮೇಲೆಯೇ ನಾನು ಉಸಿರು ಬಿಟ್ಟಿದ್ದು. ಆಗ ಆಪಾ ಬ್ಯಾಗಿನಿಂದ ಮಾಸಿದ ಹಸಿರು ಬಟ್ಟೆಯ ಪಟ್ಟಿ ತೆಗೆದಳು.

"ಇದೂ ಅದೇ ಏನು? ಅಪ್ಪ ಇಟ್ಟಿದ್ದ. ಏನಂತ ಹೇಳಲಿಲ್ಲ."

ದಾದಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ನಮ್ಮಮ್ಮನ ಹೊಲಿಗಿ. ಬಿಚ್ಚೇ ಇಲ್ಲ, ನಾಣ್ಯ ಒಳಗ ಐತಿ. ಯಾ ಅಲ್ಲಾ, ಅವಾ ಇನ್ನಾ ಮುಟ್ಟೇ ಇಲ್ಲ," ಅಂತ ಅಲ್ಲೇ ಕುಸಿದು ಕೂತಳು.

"ಇಲ್ಲೇ ಬಿಚ್ಚಲೇನು?" ಆಪಾ ಕೇಳಿದಳು.

"ನೀ ಮುಟ್ಟಿದ್ರ ಬಿಚ್ಚು."

 ಆಪಾ ಅದನ್ನು ಮಡಚಿ ಬ್ಯಾಗಿನೊಳಗೇ ಇಟ್ಟುಕೊಂಡಳು.

ನಾನು ಏಳನೇ ಕ್ಲಾಸಿಗೇ ಸಾಲಿ ಬಿಟ್ಟವನು. ನೆಲಕ್ಕೆ ಫರಸಿ ಕಲ್ಲು ಕೂಡಿಸುವ ಕೆಲಸ ಕಲಿತೆ. ಹೈದರಾಬಾದು, ಪುಣೆ ಎಲ್ಲಿ ಬೇಕಾದರೂ ಹೋಗಿ ನೋಡಿ, ನಾನು ಕೂಡಿಸಿದ ಕಲ್ಲು ಅಲುಗಾಡೋದಿಲ್ಲ. ಆ ಸಿನಿಮಾ ಈಗ ನನ್ನ ಫೋನಿನಲ್ಲಿದೆ. ಅದರಲ್ಲಿ ಶಹಾಬಾದ್ ಇಲ್ಲ. ಕಿಟಕಿಯ ಹುಡುಗ ಸಣ್ಣವನಾಗುತ್ತಾ ಹೋಗುತ್ತಾನೆ, ಮುಗಿಯುತ್ತದೆ.

ನನ್ನ ಸಣ್ಣ ಮಗಳು ಪ್ರತಿಸಲ ಕೇಳುತ್ತಾಳೆ: "ಅಬ್ಬಾ, ನೀವು ವಾಪಸ್ ಬಂದ್ರೇನು?"

"ಬಂದೀನಲ್ಲೇ ಹುಚ್ಚಿ," ಅಂತೀನಿ.

ದಾದಿ ಈಗಿಲ್ಲ. ಕೆಲಸಕ್ಕೆ ಹೊರಟರೆ ಚಾರ್ಜರ್ ಇಟ್ಕೊಂಡ್ರೇನು ಅಂತ ಕೇಳುವವರಿದ್ದಾರೆ, ತೋಳಿಗೆ ಕಟ್ಟುವವರಿಲ್ಲ. ಯಾವ ಸ್ಟೇಷನ್ನಿನಲ್ಲಿ ಇಳಿದರೂ ಕೈ ತಾನಾಗಿ ತೋಳಿಗೆ ಹೋಗುತ್ತದೆ. ಬಿಚ್ಚಲು ಅಲ್ಲಿ ಏನೂ ಇರುವುದಿಲ್ಲ.