ಬಿಸಿಲು ಬೀಳದ ಮನೆ

ದೋಹಾದಲ್ಲಿ ಮನೆ ಹುಡುಕುವಾಗ ನಮ್ಮೂರವರು ಮೊದಲು ವಿಚಾರಿಸುವುದು ಬಿಸಿಲಿನ ವಿಷಯ. ಪಶ್ಚಿಮಕ್ಕೆ ಕಿಟಕಿಯಿರುವ ಫ್ಲ್ಯಾಟನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಏಸಿ ಇಡೀ ದಿನ ಓಡಿದರೂ ಗೋಡೆ ಬಿಸಿಯಾಗಿಯೇ ಇರುತ್ತದೆ. ಅಲ್ ಸದ್ದ್‌ನಲ್ಲಿ ನಾವಿದ್ದ ಫ್ಲ್ಯಾಟಿಗೆ ಬಿಸಿಲಿನ ಕಾಟವಿರಲಿಲ್ಲ. ನನ್ನ ಗಂಡನ ತಂಗಿಯ ಸಂಸಾರಕ್ಕೂ ಅದೇ ಕಟ್ಟಡದಲ್ಲಿ, ನಮ್ಮ ಕೆಳಗಿನ ಮಾಳಿಗೆಯಲ್ಲಿ ಅಂಥದ್ದೇ ಮನೆ ನೋಡಿ ಕೊಡಿಸಿದವಳು ನಾನೇ.

ಅವಳ ಮಗಳು ಶಾಲೆಯ ಬಸ್ಸಿನಿಂದ ಇಳಿದರೆ ನೇರ ನಮ್ಮಲ್ಲಿಗೆ ಬರುತ್ತಿದ್ದಳು. ನಾದಿನಿಗೆ ಸಂಜೆಯವರೆಗೆ ಕೆಲಸ, ನನ್ನ ಆಫೀಸು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ನನಗೆ ಮಕ್ಕಳಿಲ್ಲ. ಅನ್ನಕ್ಕೆ ತಿಳಿಸಾರು ಕಲಸಿ ತುತ್ತು ಮಾಡಿ ಕೊಟ್ಟರೆ, "ಮಾಮಿ, ಇನ್ನೊಂದು ಪ್ಲೀಸ್" ಎನ್ನುತ್ತಿದ್ದಳು. ಹೆತ್ತವಳು ಯಾರು ಎಂಬುದೇ ಆ ಹೊತ್ತಿಗೆ ನನಗೆ ಮರೆತುಹೋಗುತ್ತಿತ್ತು.

ಹೀಗಿರುವಾಗ ನಾದಿನಿಯ ಸಂಸಾರಕ್ಕೆ ಕೆನಡಾದ ವೀಸಾ ಬಂತು. ಎಲ್ಲರೂ ಸಿಹಿ ಹಂಚಿದರು, ನಾನೂ ಹಲ್ಲು ಕಿರಿದುಕೊಂಡು ಹಂಚಿದೆ. ಇನ್ನು ಮಧ್ಯಾಹ್ನ ಯಾರಿಗೆ ಅನ್ನ ಕಲಸುವುದು ಎಂಬುದೊಂದೇ ಯೋಚನೆ.

ನನ್ನ ಆಫೀಸಿನಲ್ಲಿ ಲೆಬನಾನಿನ ಹೆಂಗಸೊಬ್ಬಳಿದ್ದಳು. ನಾದಿನಿಯವರು ಹೋಗಲಿರುವ ಹಿಮದ ಊರಿನಲ್ಲೇ ಬಹಳ ಕಾಲ ಇದ್ದು ಬಂದವಳು. ಅಲ್ಲಿ ಎಂಥ ಮನೆ ನೋಡಬೇಕು ಅಂತ ಅವಳನ್ನು ಕೇಳಿ ಬರಲು ನಾದಿನಿ ಹೇಳಿದಳು. ಕೇಳಿದೆ. ಅವಳು ಕಾಫಿ ಲೋಟ ಪಕ್ಕಕ್ಕಿಟ್ಟು ಚೆನ್ನಾಗಿಯೇ ವಿವರಿಸಿದಳು. ದಕ್ಷಿಣಕ್ಕೆ ಕಿಟಕಿ ಇರಲಿ, ಒಳಗೆ ಬಿಸಿಲು ಬರಬೇಕು. ಬಾಡಿಗೆಯಲ್ಲೇ ಹೀಟಿಂಗ್ ಸೇರಿದೆಯೋ ಕೇಳಲಿ. ಬಸ್‌ಸ್ಟಾಪು ಹತ್ತಿರವಿರಲಿ, ಮೆಟ್ಟಿಲಿನ ಹಿಮ ಯಾರು ತೆಗೆಯುತ್ತಾರೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಲಿ. "ನೆಲದಡಿಯ ಮನೆ, ಬೇಸ್‌ಮೆಂಟ್ ಮಾತ್ರ ಬೇಡ. ಮಗು ಇದೆ ಅಂದೆಯಲ್ಲ, ತೇವಕ್ಕೆ ಎದೆ ಕಟ್ಟುತ್ತದೆ. ಬೇಸ್‌ಮೆಂಟ್ ಅಂದರೆ ಖಲಾಸ್," ಎಂದು ಕೈ ಝಾಡಿಸಿದಳು.

ಅದೇ ಸಂಜೆ ನಾದಿನಿ ಎರಡು ಮನೆಗಳ ಫೋಟೋ ಹಿಡಿದು ಮೇಲೆ ಬಂದಳು. ಅಲ್ಲಿನ ಪರಿಚಯದವರು ಕಳಿಸಿದ್ದು.

"ಅತ್ತಿಗೆ, ಇದು ಮೂರನೇ ಮಾಳಿಗೆ, ಇಡೀ ದಿನ ಬಿಸಿಲಂತೆ. ಇದು ಬೇಸ್‌ಮೆಂಟು, ರೂಮು ದೊಡ್ಡದುಂಟು, ಬಿಸಿಲೇ ಬೀಳುದಿಲ್ಲವಂತೆ. ಬಿಸಿಲಿಲ್ಲದಿದ್ರೆ ಒಳ್ಳೇದಲ್ವಾ? ನಿಮ್ಮ ಆಫೀಸಿನವರು ಎಂತ ಹೇಳಿದ್ರು?"

ಪಾಪ, ಇಷ್ಟು ವರ್ಷ ದೋಹಾದಲ್ಲಿ ಬೆಂದವಳಿಗೆ ಬಿಸಿಲೆಂದರೆ ಶತ್ರು. ತಿದ್ದಲು ನನಗೆ ಒಂದು ಮಾತು ಸಾಕಿತ್ತು.

"ಒಳ್ಳೇದೇ ಮಾರಾಯ್ತಿ, ಬೇಸ್‌ಮೆಂಟೇ ತಗೋ. ಅವರೂ ಹಾಗೇ ಹೇಳಿದ್ರು" ಎಂದೆ.

ಒಂದು ಚಳಿಗಾಲ ಕಷ್ಟವಾದರೆ ಗಂಟುಮೂಟೆ ಕಟ್ಟಿಕೊಂಡು ವಾಪಸು ಬರುತ್ತಾರೆ, ಮಗು ಮತ್ತೆ ನನ್ನ ಮನೆಯಲ್ಲಿ ಉಣ್ಣುತ್ತದೆ. ನನ್ನ ಲೆಕ್ಕಾಚಾರ ಇಷ್ಟೇ. ಯಾರಿಗೂ ಕೇಡು ಬಯಸಲಿಲ್ಲ ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಎಂಥ ನಾಚಿಕೆಗೆಟ್ಟ ಸಮಾಧಾನ ಅದು!

ಅವರು ಹೋದರು. ಶುರುವಿನಲ್ಲಿ ಮಗು ಫೋನಿನಲ್ಲಿ, "ಮಾಮಿ, ವಿಂಡೋದಲ್ಲಿ ಬರೇ ಶೂ ಕಾಣ್ತದೆ" ಎಂದು ನಗುತ್ತಿದ್ದಳು. ಹಿಮ ಬಿದ್ದ ಮೇಲೆ, "ಈಗ ಶೂ ಕೂಡ ಇಲ್ಲ, ಎಲ್ಲ ವೈಟ್" ಎಂದಳು. ಆಮೇಲಾಮೇಲೆ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳತೊಡಗಿತು. ಗೋಡೆಗೆ ಬೂಷ್ಟು ಹಿಡಿದಿತ್ತು. ಅಗ್ರಿಮೆಂಟು ಮುಗಿಯುವ ತನಕ ಮನೆ ಬಿಡುವ ಹಾಗಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಸಿಕ್ಕ ಸಿಕ್ಕ ಪಾಳಿಯಲ್ಲಿ ದುಡಿಯುತ್ತಿದ್ದರು. ವಾಪಸು ಬರುವ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ.

ಒಂದು ದಿನ ನಾದಿನಿ ಕೇಳಿದಳು. "ಅತ್ತಿಗೆ, ಬೇರೆ ಮನೆ ಸಿಗುವವರೆಗೆ ಮಗುವನ್ನು ನಿಮ್ಮ ಹತ್ರ ಕಳಿಸ್ಲಾ? ಡಾಕ್ಟ್ರು ಈ ರೂಮಿನಲ್ಲಿ ಇಡಬೇಡಿ ಅಂತಾರೆ. ನಿಮ್ಮನ್ನು ಬಿಟ್ಟು ನಾನು ಯಾರನ್ನು ನಂಬಲಿ?"

ಮೊದಲು ನನಗಾದದ್ದು ಖುಷಿ. ಇದನ್ನು ಹೇಳದಿದ್ದರೆ ಉಳಿದದ್ದೆಲ್ಲ ಹೇಳಿ ಪ್ರಯೋಜನವಿಲ್ಲ. ಫೋನಿಟ್ಟ ಮೇಲಷ್ಟೇ, ಆ ರೂಮು ಆರಿಸಿಕೊಟ್ಟವಳು ನಾನೇ ಎಂಬುದು ನೆನಪಾಯಿತು. "ನಿನ್ನಂಥ ಅತ್ತಿಗೆ ಸಿಗಲು ಪುಣ್ಯ ಮಾಡಿರಬೇಕು" ಎಂದರು ನನ್ನವರು. ನಾನು ಮಗುವಿಗೆ ಹೊದಿಕೆ ಹುಡುಕಲು ಒಳಗೆ ಹೋದೆ.

ವಿಸಿಟ್ ವೀಸಾದಲ್ಲಿ, ಪರಿಚಯದ ಸಂಸಾರವೊಂದರ ಜೊತೆ ಮಗು ಬಂದಿಳಿಯಿತು. ಕೆನ್ನೆ ಒಣಗಿತ್ತು, ಕಾಲು ಕಡ್ಡಿಯಾಗಿತ್ತು. ಮನೆಗೆ ಕರೆತಂದು, ಬಿಸಿನೀರಿನಲ್ಲಿ ಮೀಯಿಸಿ, ಅನ್ನ ಕಲಸಿ ಕೊಟ್ಟೆ. ತುತ್ತು ಮುಟ್ಟದೆ ತಟ್ಟೆಯ ಮುಂದೆ ಕೂತಳು. ಗಂಟಲು ನೋಯುತ್ತಿದೆಯಾ ಎಂದರೆ ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಎಂತ ಮಗಾ?"

"ಅಮ್ಮ ಹೇಳಿದ್ದಾರೆ, ಅಲ್ಲಿ ಹೋಗಿ ಅಮ್ಮ ಬೇಕು ಅಂತ ಅಳಬಾರ್ದು, ಮಾಮಿ ನಮಗೆ ತುಂಬ ಹೆಲ್ಪ್ ಮಾಡಿದ್ದಾರೆ ಅಂತ." ತುಟಿ ಕಚ್ಚಿಕೊಂಡು ನನ್ನ ಮುಖ ನೋಡಿದಳು. "ಸ್ವಲ್ಪ ಮಾತ್ರ ಅಳ್ಲಾ ಮಾಮಿ?"