ಎರಡು ಟ್ಯಾಬುಗಳ ನಡುವೆ ನಿಂತ ನಂಬರು

ಮುನವಳ್ಳಿಯ ಭಾಗ್ಯಾಳ ಕೈಗಳು ಸುಮ್ಮನಿದ್ದದ್ದನ್ನು ಯಾರೂ ನೋಡಿಲ್ಲ. ಬ್ಲೌಸು ಹೊಲಿಯದಿದ್ದರೆ ದಾರ ಸುತ್ತುತ್ತಿರುತ್ತವೆ. ಅದೂ ಮುಗಿದರೆ ಸೆರಗಿನ ಅಂಚನ್ನು ಮಡಚಿ ಬಿಚ್ಚುತ್ತಿರುತ್ತವೆ. "ಏನವ್ವಾ ನಿನ್ನ ಕೈ, ಇರಿವಿ ಮುತ್ತಿದಂಗ!" ಎಂದು ತಾಯಿ ತಂಗೆವ್ವ ಬೈಯುತ್ತಾಳೆ. ಭಾಗ್ಯಾಳಿಗೆ ಅದು ಕೇಳುವುದಿಲ್ಲ. ತಾಯಿಯ ತುಟಿ ನೋಡಿ ತಿಳಿದುಕೊಂಡು ನಗುತ್ತಾಳೆ. ನಡೆಯಲು ಕಲಿತ ಹೊಸತರಲ್ಲಿ ಜ್ವರ ಬಂದು ಅವಳ ಕಿವಿ ಕೇಳದಂತಾಗಿತ್ತು.

ಬೆಳಗಾವಿಯ ಕಿವುಡು ಮಕ್ಕಳ ಸಾಲೆಯಲ್ಲಿ ಓದುವಾಗ ರಾಮದುರ್ಗದ ಮುಸ್ಕಾನ್ ಹಾಸ್ಟೆಲಿನಲ್ಲಿ ಅವಳ ಪಕ್ಕದ ಹಾಸಿಗೆಯವಳಾಗಿದ್ದಳು. ಸಾಲೆ ಮುಗಿದು ಇಬ್ಬರೂ ತಮ್ಮ ತಮ್ಮ ಊರು ಸೇರಿದ ಮೇಲೆ ಭಾಗ್ಯಾ ಕೈಭಾಷೆಯಲ್ಲಿ ಮಾತಾಡುವವರಿಲ್ಲದೆ ಒಣಗಿಹೋದಳು. ಮನೆಯವರಿಗೆ ಬರುವುದು ಊಟ, ನೀರು, ಬಾ, ಹೋಗು, ಅಷ್ಟೇ. ಹೊಲಿದು ಗಳಿಸಿದ್ದರಲ್ಲಿ ಮೊದಲು ಕೊಂಡದ್ದೇ ಒಂದು ಟ್ಯಾಬು. ಮೊಬೈಲಿಗಿಂತ ಅದರ ಪರದೆ ದೊಡ್ಡದು. ಎರಡೂ ಕೈ, ಮುಖ, ಹುಬ್ಬು ಎಲ್ಲ ಕಾಣುತ್ತವೆ. ಅದಕ್ಕೊಂದು ಸಿಮ್ ಹಾಕಿಸಿ, ಗಿರಾಕಿಗಳು ಬ್ಲೌಸಿನ ಫೋಟೋ ಕಳಿಸಲೂ ಅದೇ ನಂಬರು ಕೊಟ್ಟಳು. ಸಂಜೆ ಮಷಿನ್ನಿನ ಮೇಲೆ ಟ್ಯಾಬು ಒರಗಿಸಿ ಕುಳಿತರೆ ಮುಸ್ಕಾನಳೊಂದಿಗೆ ಮಾತೋ ಮಾತು.

ಆ ಟ್ಯಾಬು ಕೆಟ್ಟದ್ದು ಒಂದು ಗುರುವಾರ. ಬ್ಯಾಟರಿ ಉಬ್ಬಿ ಪರದೆ ಮೇಲೆದ್ದಿತು, ಸಂಜೆಗೆ ಪೂರಾ ಕಪ್ಪಾಯಿತು. ಬೇರೆ ಯಾವ ದಿನ ಕೆಟ್ಟಿದ್ದರೂ ಭಾಗ್ಯಾ ಅಷ್ಟು ಕಂಗೆಡುತ್ತಿರಲಿಲ್ಲ. ಮರುದಿನ, ಶುಕ್ರವಾರ, ಜುಮ್ಮಾ ನಮಾಜಿನ ನಂತರ ಮುಸ್ಕಾನಳನ್ನು ನೋಡಲು ಬಾಗಲಕೋಟೆಯಿಂದ ಗಂಡಿನವರು ಬರುವವರಿದ್ದರು. ಹುಡುಗನಿಗೂ ಕಿವಿ ಕೇಳುವುದಿಲ್ಲ. ಆದರೆ ಬರುವ ಹಿರಿಯರೆಲ್ಲ ಕೇಳುವವರು, ಮಾತಾಡುವವರು. "ನಾನು ಮೊಬೈಲನ್ನು ಗೋಡೆಯ ಗೂಡಿನಲ್ಲಿ ನಿಲ್ಲಿಸಿರುತ್ತೇನೆ. ನೀನು ಅಲ್ಲಿರಬೇಕು. ಆ ಕೋಣೆಯಲ್ಲಿ ನನ್ನ ಕಡೆಯವರು ಒಬ್ಬರಾದರೂ ಇರಲಿ" ಎಂದು ಮುಸ್ಕಾನ್ ಕೈ ಮಾಡಿ ಹೇಳಿದ್ದಳು. ಭಾಗ್ಯಾ ಎದೆಯ ಮೇಲೆ ಕೈಯಿಟ್ಟು ಒಪ್ಪಿದ್ದಳು.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಸವದತ್ತಿಗೆ ಹೋದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಸಾಜಿದನ ಮೊಬೈಲ್ ಅಂಗಡಿ ಇನ್ನೂ ತೆರೆದಿರಲಿಲ್ಲ. ಬಾಗಿಲ ಮುಂದೆ ಅತ್ತಿಂದಿತ್ತ ತಿರುಗಾಡಿದಳು. ಸಾಜಿದ್ ಬಂದು ಶಟರ್ ಎತ್ತಿ ಮುಗಿಸುವ ಮುಂಚೆಯೇ ಬಗ್ಗಿ ಒಳಗೆ ನುಗ್ಗಿದಳು.

ಸಾಜಿದನಿಗೆ ಅವಳ ಪರಿಚಯವಿತ್ತು. ಎದುರಿಗೆ ನಿಂತು, ತುಟಿ ಕಾಣುವಂತೆ ನಿಧಾನ ಮಾತಾಡುತ್ತಿದ್ದ. "ಹೊಸಾ ಟ್ಯಾಬ್ ಈಗ ಕೊಡತೇನಿ. ಆದ್ರ ಈ ಹಳೇ ಸಿಮ್ ಇದಕ್ಕ ಕುಂಡ್ರೂದಿಲ್ಲಕ್ಕಾ, ದೊಡ್ಡದಾತು. ಕತ್ತರಿಸಿದ್ರ ಕೆಟ್ಟು ಹೋದೀತು. ಅದಽ ನಂಬರಿಗೆ ಬ್ಯಾರೆ ಸಿಮ್ ತಗೀಬೇಕು."

ಎಷ್ಟು ಹೊತ್ತು ಬೇಕು ಎಂದು ಅವಳು ಮಣಿಕಟ್ಟು ಬಡಿದು ತೋರಿಸಿದಳು.

"ಒಮ್ಮೊಮ್ಮೆ ಲಗೂನ ಆಗತೈತಿ. ಒಮ್ಮೊಮ್ಮೆ ಸಂಜೀತನ."

ಟ್ಯಾಬಿನ ಹಣ ಎಣಿಸಿಕೊಂಡು, ಬೆರಳೊತ್ತಿಸಿಕೊಂಡು, ಫೋಟೋ ಹೊಡೆದು ಸಾಜಿದ್ ಕೆಲಸ ಮುಗಿಸಿದ. ಹಳೆಯ ಸಿಮ್ ಸತ್ತಿತು, ಹೊಸದಕ್ಕೆ ಜೀವ ಬರಲಿಲ್ಲ. ಸಿಗ್ನಲ್ ಬಂದ ಮೇಲೆ ಸಿಮ್ ಕಂಪನಿಗೆ ಫೋನು ಹಚ್ಚಿ, ಅಲ್ಲಿನ ದನಿ ಹೇಳಿದಂತೆ ಅಂಕಿ ಒತ್ತಬೇಕು, ಆಮೇಲೆ ಇಂಟರ್ನೆಟ್ ತೆರೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದು ತೋರಿಸಿದ. ಭಾಗ್ಯಾ "ದನಿ" ಎಂಬ ಪದದ ಮೇಲೆ ಬೆರಳಿಟ್ಟು ಅವನ ಮುಖ ನೋಡಿದಳು. "ಅದನ್ನ ನಾ ಕೇಳತೇನಿ, ಕುಂಡ್ರಿ" ಎಂದ ಸಾಜಿದ್. ಅವಳಿಗೆ ಕುಳಿತುಕೊಳ್ಳಲಾಗಲಿಲ್ಲ. ಅಂಗಡಿಯ ವೈಫೈ ಹಾಕಿಕೊಟ್ಟ. ಆದರೆ ಹೊಸ ಟ್ಯಾಬಿನಲ್ಲಿ ವಾಟ್ಸ್ಯಾಪ್ ತೆರೆಯಲು ಕೋಡ್ ಬರಬೇಕು, ಅದು ಬರಬೇಕಾದದ್ದು ಇನ್ನೂ ಏಳದ ಅದೇ ನಂಬರಿಗೆ.

ಗಿರಾಕಿಗಳು ಬಂದರು, ಹೋದರು. ಭಾಗ್ಯಾ ಟ್ಯಾಬು ಆರಿಸಿ ಹಚ್ಚಿದಳು, ಸಿಮ್ ತೆಗೆದು ಊದಿ ಮತ್ತೆ ಹಾಕಿದಳು. ಬೀದಿಗೆ ಹೋಗಿ ಟ್ಯಾಬನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಬಿಸಿಲು ಏರಿತು. ಟೋಪಿ ಹಾಕಿದವರು ನಮಾಜು ಮುಗಿಸಿ ಮಸೀದಿಯಿಂದ ಮರಳಿ ಬರತೊಡಗಿದರು. ಗಂಡಿನವರು ಈಗ ಬಂದಿರುತ್ತಾರೆ. ಸಾಜಿದನ ಮೊಬೈಲಿನತ್ತ ಕೈ ಚಾಚಿದಳು. ಅವನು ಕೊಟ್ಟ. ಬಾಯಿಪಾಠವಿದ್ದ ಮುಸ್ಕಾನಳ ನಂಬರಿಗೆ ವಿಡಿಯೋ ಕಾಲ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಆ ಕಡೆಯಿಂದ ಕತ್ತರಿಸಿದರು. ಮೂರನೆಯ ಸಲ ಹಚ್ಚುವಾಗ ಅವಳ ಕಣ್ಣಿಗೆ ಬಿದ್ದದ್ದು ಆ ಕಡೆಯವರಿಗೂ ಕಾಣುವ ಸಾಜಿದನ ವಾಟ್ಸ್ಯಾಪ್ ಫೋಟೋ: ಕಪ್ಪು ಕನ್ನಡಕ ಹಾಕಿ, ಬೈಕಿಗೆ ಒರಗಿ ನಿಂತಿದ್ದಾನೆ.

ಭಾಗ್ಯಾ ತಟ್ಟನೆ ಕಾಲ್ ಕತ್ತರಿಸಿದಳು. ಗಂಡಿನವರು ಕುಳಿತಿರುವಾಗ, ಗೂಡಿನಲ್ಲಿಟ್ಟ ಹುಡುಗಿಯ ಮೊಬೈಲಿನಲ್ಲಿ, ಗುರುತಿಲ್ಲದ ಗಂಡಸಿನ ಮುಖ, ಅದೂ ಮತ್ತೆ ಮತ್ತೆ!

ಅವಳು ಮೊಬೈಲನ್ನು ಮೇಜಿನ ಮೇಲಿಟ್ಟು, ಹೊಸ ಟ್ಯಾಬನ್ನು ಚೀಲಕ್ಕೆ ತುರುಕಿ ಓಡಿದಳು. ಸಾಜಿದ್ ಹಿಂದಿನಿಂದ ಕೂಗಿದ್ದು ಅವಳಿಗೆ ಕೇಳುವುದು ಹೇಗೆ? ರಾಮದುರ್ಗದ ಬಸ್ಸು ಹೊರಡುತ್ತಿತ್ತು. ಬಾಗಿಲ ಸರಳು ಹಿಡಿದು ಹತ್ತಿದಳು.

ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಒಂದೇ ಕೋಣೆ. ಅಲ್ಲಿ ಹಿರಿಯರು ಏಳುತ್ತಿದ್ದಾರೆ, ಚಹಾ ಹಾಗೇ ಉಳಿದಿದೆ, ಮುಸ್ಕಾನ್ ಎಲ್ಲರ ತುಟಿಗಳನ್ನು ನೋಡುತ್ತ ಏನೂ ತಿಳಿಯದೆ ನಿಂತಿದ್ದಾಳೆ. ಬಸ್ಸು ಊರೂರಿಗೆ ನಿಂತಿತು. ಒಂದು ಕಡೆ ಕುರಿಯ ಹಿಂಡು ಅಡ್ಡ ಬಂತು. ಭಾಗ್ಯಾ ಎದ್ದು ಬಾಗಿಲಿಗೆ ಹೋದಳು, ಮರಳಿ ಕುಳಿತಳು, ಮತ್ತೆ ಎದ್ದಳು. ಪಕ್ಕದ ಅಜ್ಜಿ ಅವಳ ಮೊಣಕಾಲು ಒತ್ತಿ ಹಿಡಿದು ಕೂರಿಸಿಕೊಂಡಳು.

ಮುಸ್ಕಾನಳ ಮನೆ ಮುಟ್ಟಿದಾಗ ಅಂಗಳದಲ್ಲಿ ಚಪ್ಪಲಿಗಳಿರಲಿಲ್ಲ. ಬಂದವರು ಹೋಗಿಯಾಗಿತ್ತು. ಮುಸ್ಕಾನಳ ತಂದೆ ರಹಿಮಾನಸಾಬ ಕಟ್ಟೆಯ ಮೇಲೆ ಕುಳಿತಿದ್ದ. ಭಾಗ್ಯಾ ಎರಡೂ ಕೈ ಜೋಡಿಸಿ ಅಳತೊಡಗಿದಳು. ಅವನು ಗಾಬರಿಯಾಗಿ ಹೆಂಡತಿಯನ್ನು ಕರೆದ.

"ಯಾಕ ಅಳತೀ ಬೇಟಿ?" ಗೌಸಬಿ ಅವಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಅಂಗಡಿ ಹುಡುಗನ ಫೋನ್ ಬಂದದ್ದಕ್ಕ? ಇವರು ತಿರುಗಿ ಹಚ್ಚಿ ಬೈದ್ರು. ಅಂವ ಎಲ್ಲಾ ಹೇಳಿದ. 'ಚಾಚಾ, ಭಾಗ್ಯಾಕ್ಕ ಹಚ್ಚಿದ್ದು, ನಾ ಅಲ್ರಿ' ಅಂದ. ಬಂದವರೆಲ್ಲಾ ನಕ್ಕರು. ಏನೂ ಆಗಿಲ್ಲ."

ಏನೂ ಆಗಿಲ್ಲ ಎಂಬುದು ಮುಸ್ಕಾನಳ ಮುಖದಲ್ಲಿ ಕಾಣಲಿಲ್ಲ. ಒಳಕೋಣೆಯಲ್ಲಿ ಅವಳು ಬೆನ್ನು ತಿರುಗಿಸಿ ಕುಳಿತಳು. ಅವರಿಬ್ಬರ ಮಟ್ಟಿಗೆ ಬೆನ್ನು ತಿರುಗಿಸುವುದೆಂದರೆ ಬಾಗಿಲು ಹಾಕಿಕೊಂಡಂತೆ. ಭಾಗ್ಯಾ ಸುತ್ತಿ ಹೋಗಿ ಎದುರಿಗೆ ಕುಳಿತು, ಹೊಸ ಟ್ಯಾಬು ತೋರಿಸಿ ನಡೆದದ್ದನ್ನೆಲ್ಲ ಹೇಳಿದಳು.

ಆಗ ಮುಸ್ಕಾನಳ ಕೈಗಳು ಎದ್ದವು. ಅವಳು ರಾಮದುರ್ಗದ ಒಂದು ಸ್ಟುಡಿಯೋದಲ್ಲಿ ಫೋಟೋ ತಿದ್ದುವ ಕೆಲಸ ಮಾಡುತ್ತಿದ್ದಳು. "ಮದುವೆಯಾದ ಮೇಲೆ ಕೆಲಸ ಬಿಡುತ್ತಾಳೋ ಎಂದು ಅವರು ಕೇಳಿದರು. ಅಮ್ಮ ಬಿಡುತ್ತಾಳೆ ಎಂದುಬಿಟ್ಟಳು. ನನ್ನನ್ನು ಕೇಳಲೇ ಇಲ್ಲ. ಅಮ್ಮನ ತುಟಿ ನೋಡಿ ನನಗೆ ತಿಳಿಯಿತು. ಗೂಡಿನ ಕಡೆ ನೋಡಿದೆ, ನೀನಿರಲಿಲ್ಲ."

"ಆಮೇಲೆ?"

"ಹುಡುಗನ ಕಡೆ ತಿರುಗಿ, ನಾನು ಬಿಡುವುದಿಲ್ಲ ಎಂದೆ. ಅವನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾನಂತೆ. ಬಿಡು ಎಂದು ನಾನು ಹೇಳಿಲ್ಲವಲ್ಲ, ಇವರಿಗೆ ಯಾರು ಹೇಳಿದರು ಎಂದು ಕೇಳಿದ. ಹಿರಿಯರಿಗೆ ನಾವಿಬ್ಬರೂ ಏನು ಜಗಳಾಡುತ್ತಿದ್ದೇವೆ ಎಂದೇ ತಿಳಿಯಲಿಲ್ಲ."

ಹೇಳುತ್ತಾ ಹೇಳುತ್ತಾ ಮುಸ್ಕಾನ್ ನಕ್ಕಳು. ಭಾಗ್ಯಾಳೂ ನಕ್ಕಳು. ಗೂಡಿನಲ್ಲಿ ತಾನಿಲ್ಲದೆಯೂ ಮುಸ್ಕಾನಳ ಮಾತು ನಡೆದಿತ್ತು ಎಂಬುದು ನಗುವಾಗಲೇ ಅವಳಿಗೆ ಹೊಳೆಯಿತು.

ಅಷ್ಟರಲ್ಲಿ ಟ್ಯಾಬಿನ ಮೂಲೆಯಲ್ಲಿ ಸಿಗ್ನಲ್ ಕಡ್ಡಿಗಳು ಮೂಡಿದ್ದವು. ಗೌಸಬಿಯನ್ನು ಕರೆದು ಕಂಪನಿಗೆ ಫೋನು ಹಚ್ಚಿದರು. ಗೌಸಬಿ ಟ್ಯಾಬಿಗೆ ಕಿವಿ ಹಚ್ಚಿ, "ತಡಿ, ತಡಿ, ಆ ಹುಡುಗಿ ಇನ್ನೂ ಮಾತಾಡಾಕತ್ತಾಳ... ಹಾಂ, ಈಗ ಒಂದು ಒತ್ತು!" ಎಂದು ಭುಜ ಬಡಿದಳು. ಭಾಗ್ಯಾ ಒತ್ತಿದಳು. ಸ್ವಲ್ಪ ಹೊತ್ತಿಗೆ ಇಂಟರ್ನೆಟ್ ತೆರೆಯಿತು. ಹೊಸ ಸಿಮ್ಮಿಗೆ ಮೊದಲ ದಿನ ಮೆಸೇಜು ಬರುವುದಿಲ್ಲವಾದ್ದರಿಂದ ವಾಟ್ಸ್ಯಾಪ್ ಕೋಡನ್ನೂ ಹಾಗೇ ಫೋನಿನಲ್ಲಿ ಕೇಳಿ, ಗೌಸಬಿ ಅಂಕಿಗಳನ್ನು ಬೆರಳು ಮಡಚಿ ತೋರಿಸಿದಳು. ಗಿರಾಕಿಗಳು ಅಂದು ಕಳಿಸಿದ್ದ ಫೋಟೋಗಳು ಒಂದರ ಹಿಂದೊಂದು ಬಂದು ಬಿದ್ದವು. ಭಾಗ್ಯಾ ಒಂದನ್ನೂ ತೆರೆಯಲಿಲ್ಲ.

ಸಂಜೆ ಬಾಗಲಕೋಟೆಯಿಂದ ರಹಿಮಾನಸಾಬನಿಗೆ ಫೋನ್ ಬಂತು. ಹುಡುಗ ಒಪ್ಪಿದ್ದಾನೆ, ಹುಡುಗಿ ಕೆಲಸಕ್ಕೆ ಹೋದರೂ ಅಡ್ಡಿಯಿಲ್ಲವಂತೆ. ಗೌಸಬಿ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು.

ಬಸ್‌ಸ್ಟ್ಯಾಂಡಿಗೆ ಬಿಡಲು ಮುಸ್ಕಾನ್ ಬಂದಳು. ಬಸ್ಸು ಕಾಯುತ್ತ ನಿಂತಾಗ ಭಾಗ್ಯಾ ತಡೆಯಲಾರದೆ ಹೇಳಿದಳು: "ಇನ್ನು ನಿನಗೆ ಮನೆಯಲ್ಲೇ ಕೈಭಾಷೆಯವನು ಇರುತ್ತಾನೆ. ಸಂಜೆ ನಾನು ಯಾರೊಂದಿಗೆ ಮಾತಾಡಲಿ?"

ಮುಸ್ಕಾನ್ ಭಾಗ್ಯಾಳ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಹಾಗೆ ಹಿಡಿದಷ್ಟು ಹೊತ್ತು ಇಬ್ಬರಿಗೂ ಮಾತಿಲ್ಲ. ಸವದತ್ತಿಯ ಬಸ್ಸು ಬಂದು ನಿಂತು, ಜನ ಹತ್ತಿ, ಕಂಡಕ್ಟರ್ ಸೀಟಿ ಊದುವವರೆಗೂ ಅವಳು ಬಿಡಲಿಲ್ಲ.