ಕೈ ನಿಲ್ಲಿಸುವ ಧಾರಾವಾಹಿ

ನಮ್ಮವ್ವ ಟಿವಿಯಲ್ಲಿ ಬರುವುದನ್ನೆಲ್ಲ ಎರಡೇ ಪಾಲು ಮಾಡಿದ್ದಳು: ಕೈ ನಡೆಸುವವು, ಕೈ ನಿಲ್ಲಿಸುವವು. ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗ ಇರುವ ಕೋಣೆಯಲ್ಲೇ ಟಿವಿ. ಅವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರೆ ಎದುರಿನ ಗೋಡೆಯ ಮೇಲೆ ಅದು ತನ್ನ ಪಾಡಿಗೆ ಒದರುತ್ತಿರುತ್ತಿತ್ತು. ಭಕ್ತಿಯ ಕಾರ್ಯಕ್ರಮ ಕೈ ನಡೆಸುತ್ತದೆ. ಕೊಲೆ ಸುಲಿಗೆಯ ಸುದ್ದಿಯೂ ನಡೆಸುತ್ತದೆ. ಎರಡರಲ್ಲೂ ಒಬ್ಬ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಲೇ ಇರುತ್ತಾನೆ, ತಲೆ ಎತ್ತುವ ಕೆಲಸವಿಲ್ಲ. ಮನೆತನದ ಧಾರಾವಾಹಿ ಮಾತ್ರ ಕೈ ನಿಲ್ಲಿಸುತ್ತದೆ. ಅಲ್ಲಿ ಅತ್ತೆ ಮಾತಾಡುವುದಿಲ್ಲ, ಕೆಕ್ಕರಿಸಿ ನೋಡುತ್ತಾಳೆ. ಕ್ಯಾಮೆರಾ ಮೂರು ಸಲ ಆಕೆಯ ಮುಖಕ್ಕೆ ಎರಗುತ್ತದೆ. ನೋಡದಿದ್ದರೆ ಏನಾಯಿತೆಂದೇ ತಿಳಿಯುವುದಿಲ್ಲ.

ನಾನು ಆಗ ಬಾಗಲಕೋಟೆಯಲ್ಲಿ ಪತ್ರಿಕೋದ್ಯಮದ ಎಂ.ಎ. ಓದುತ್ತಿದ್ದೆ. ಟಿವಿ ಕಾರ್ಯಕ್ರಮಗಳನ್ನು ಪ್ರಕಾರಗಳಾಗಿ ವಿಂಗಡಿಸುವ ಬಗೆಗಳು ಯಾವುವು ಎಂಬುದು ನನ್ನ ಪ್ರಬಂಧದ ವಿಷಯ. ಮಾರ್ಗದರ್ಶಕರಿಗೆ ಗೊತ್ತಿದ್ದ ಬಗೆ ಎರಡು. ಒಂದು, ಕಾರ್ಯಕ್ರಮದ ಒಳಗೇ ಹುಡುಕುವುದು: ಪಾತ್ರಗಳು ಎಂಥವು, ಕಥೆ ಎಲ್ಲಿ ನಡೆಯುತ್ತದೆ, ಹೇಗೆ ಮುಗಿಯುತ್ತದೆ ಎಂದು ಪಟ್ಟಿ ಮಾಡಿ ಗೀಟು ಹಾಕುವುದು. ಇನ್ನೊಂದು, ವಾಹಿನಿಯವರು ಅದನ್ನು ಏನೆಂದು ಕರೆದು ಯಾವ ಹೊತ್ತಿಗೆ ತೋರಿಸುತ್ತಾರೆಂದು ನೋಡುವುದು. ಎರಡನ್ನೂ ಬರೆದೆ. ಆದರೆ ನೋಡುವ ಮಂದಿ ತಾವೇ ಹೇಗೆ ವಿಂಗಡಿಸಿಕೊಳ್ಳುತ್ತಾರೆಂಬ ಮೂರನೆಯ ಬಗೆಯನ್ನು ಅವ್ವನನ್ನೂ ಓಣಿಯ ನೇಕಾರ ಹೆಂಗಸರನ್ನೂ ಕೇಳಿ ಬರೆದೆ. ನನ್ನ ಪಾಲಿಗೆ ಅದೇ ಊಟ, ಉಳಿದದ್ದು ಉಪ್ಪಿನಕಾಯಿ.

“ನೋಡವ್ವಾ, ಇದು ಹರಟಿ ಆತು,” ಅಂದರು ಮಾರ್ಗದರ್ಶಕರು. “ಭಕ್ತಿನೂ ಕೊಲೀನೂ ಒಂದ ಪ್ರಕಾರ ಅಂದ್ರ ಹೊರಗಿನ ಪರೀಕ್ಷಕರು ನಗ್ತಾರ. ಈ ಅಧ್ಯಾಯ ತಗದಬಿಡು. ಇಲ್ಲಾಂದ್ರ ಪಾಸಾಗೂದು ಕಷ್ಟ ಐತಿ.”

ಮೈಯೆಲ್ಲ ಉರಿದುಹೋಯಿತು. ಕಮತಗಿ ದಾಟಿ ಹುನಗುಂದ ಬರುವ ತನಕ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಅವರೊಂದಿಗೆ ಜಗಳಾಡಿದೆ. ಇಳಕಲ್ಲಿನಲ್ಲಿ ಇಳಿಯುವಷ್ಟರಲ್ಲಿ ಸೋತಿದ್ದೆ. ನನಗೆ ಪದವಿ ಬೇಕಿತ್ತು. ಮನೆಗೆ ಬಂದವಳೇ, “ಅವ್ವಾ, ನಿನ್ನ ಅಧ್ಯಾಯ ತಗೀತೇನಿ,” ಅಂದೆ.

ಅವ್ವ ಲಾಳಿ ಕೆಳಗಿಟ್ಟು ಎದ್ದಳು. ಟ್ರಂಕಿನ ತಳದಿಂದ ನಾನು ಎಂದೂ ಕಾಣದ ಒಂದು ಸೀರೆ ತೆಗೆದಳು. ಹಸಿರು ಒಡಲು, ಕೆಂಪು ಸೆರಗು. ನಮ್ಮೂರ ಸೀರೆಯಲ್ಲಿ ಒಡಲಿನ ಉದ್ದೆಳೆಗಳ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಇದರ ಒಂದೊಂದು ಎಳೆಯನ್ನೂ ಅದರ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಆ ಹೊತ್ತಿನಲ್ಲಿ ಕೈ ನಡೆಸುವ ಕಾರ್ಯಕ್ರಮ ಮಾತ್ರ ಹಚ್ಚಬೇಕೆಂಬುದು ನಮ್ಮ ಓಣಿಯ ಕಟ್ಟಳೆ. ಅವ್ವ ಸೆರಗಿನ ಬುಡ ಹಿಡಿದು ತೋರಿಸಿದಳು. ಎರಡು ಎಳೆಗೆ ಕೊಂಡಿ ಬಿದ್ದಿರಲಿಲ್ಲ, ಅಲ್ಲೊಂದು ಎಳ್ಳಿನಷ್ಟು ಸೀಳು. ಅವ್ವನ ಕೈ ತಪ್ಪಿತೆಂದು ಓಣಿಯಲ್ಲಿ ಯಾರೂ ಕೇಳಿದವರಿಲ್ಲ.

“ಆ ಧಾರಾವಾಹಿ ಅತ್ತಿ ಕೆಕ್ಕರಿಸಿ ನೋಡಿದ ದಿನದ್ದು ಇದು,” ಅಂದಳು. “ಟಿವಿ ಬಂದ್ ಮಾಡೂದು ಮರತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದ್ರ ಕುಣೀಲಾರದಾಕಿ ನೆಲ ಡೊಂಕು ಅಂದಂಗ ಆಗ್ತಿತ್ತು.” ಸೀರೆಯನ್ನು ನನ್ನ ಮಡಿಲಿಗೆ ಹಾಕಿದಳು. “ಉಟ್ಕೊಂಡು ಹೋಗು. ಹರಟಿ ಅಂತ ಹರಟಿ! ನನ್ನ ಕೈ ನಿಂತದ್ದು ಖರೆ ಐತಿ.”

ಅಧ್ಯಾಯ ತೆಗೆಯಲಿಲ್ಲ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದವರಿಗೆ ಬೇಗ ಮುಗಿಸಿ ಬಾದಾಮಿಯ ಗುಹೆ ನೋಡುವ ಅವಸರ. ಪುಟ ತಿರುವಿ ನೇರ ಅಲ್ಲಿಗೇ ಬಂದರು.

“ಈ ವಿಂಗಡಣೆಗೆ ಆಧಾರವೇನಮ್ಮ? ನಿಮ್ಮ ತಾಯಿ ಹೇಳಿದರು ಅಂದರೆ ಆಯಿತೇ?”

ನಾನು ಎದ್ದು, ಉಟ್ಟಿದ್ದ ಅವ್ವನ ಸೀರೆಯ ಸೆರಗನ್ನು ಮೇಜಿನ ಮೇಲೆ ಹಾಸಿದೆ. ಕೂಡು ಎಂದು ಮಾರ್ಗದರ್ಶಕರು ಕೈಸನ್ನೆ ಮಾಡಿದರು. ಕೂಡಲಿಲ್ಲ.

“ಇಲ್ಲಿ ನೋಡ್ರಿ ಸರ್. ಭಕ್ತಿ ಹಚ್ಚಿದಾಗ ನಮ್ಮವ್ವ ಕೊಂಡಿ ಹಾಕ್ಯಾಳ. ಕೊಲಿ ಸುದ್ದಿ ಹಚ್ಚಿದಾಗೂ ಹಾಕ್ಯಾಳ. ಒಂದೂ ತಪ್ಪಿಲ್ಲ. ಧಾರಾವಾಹಿ ಬಂತು, ಎರಡು ತಪ್ಪಿದ್ವು. ನಿಮ್ಮ ಪಟ್ಟಿ ಕಾಗದದ ಮ್ಯಾಲೆ ಐತ್ರಿ. ನಮ್ಮವ್ವಂದು ಸೀರಿ ಮ್ಯಾಲೆ ಐತಿ.”

ಪರೀಕ್ಷಕರು ಕನ್ನಡಕ ಏರಿಸಿ ಹುಡುಕಿದರು, ಸಿಗಲಿಲ್ಲ. ನಾನೇ ಬೆರಳಿಟ್ಟು ತೋರಿಸಿದೆ. “ಈ ಅಧ್ಯಾಯವನ್ನು ಕೊನೆಗೆ ಅನುಬಂಧವಾಗಿ ಸೇರಿಸಿ, ಪಾಸು ಮಾಡುತ್ತೇವೆ,” ಅಂದರು.

“ಸೇರಸೂದಿಲ್ರಿ,” ಅಂದೆ.

ತಿದ್ದಿ ಮತ್ತೆ ಬಾ ಎಂದು ಕಳಿಸಿದರು. ಗೆಳತಿಯರೆಲ್ಲ ಪದವಿ ಹಿಡಿದು ಹೋದರು, ನಾನು ಆರು ತಿಂಗಳು ಉಳಿದೆ. ತಿದ್ದಿದ್ದು ಒಂದೇ: ಮೂರನೆಯ ಅಧ್ಯಾಯವನ್ನು ಮೊದಲನೆಯದು ಮಾಡಿದೆ. ಕೊನೆಗೂ ಪಾಸು ಮಾಡಿದರು, ತರಗತಿಗೇ ಕಡಿಮೆ ಅಂಕ ಕೊಟ್ಟು. ಈಗ ಹುನಗುಂದದಲ್ಲಿ ಪಾಠ ಹೇಳುತ್ತೇನೆ. ಯಾರಾದರೂ ಕೇಳಿದರೆ ಆ ಅಂಕಪಟ್ಟಿಯನ್ನು ಎದೆಯೆತ್ತಿ ತೋರಿಸುತ್ತೇನೆ.

ಪ್ರಬಂಧ ರಟ್ಟು ಕಟ್ಟಿಸಿಕೊಂಡು ಕೈಗೆ ಬಂದ ದಿನ ಮಧ್ಯಾಹ್ನ ಅವ್ವನಿಗೆ ಓದಿ ಹೇಳಿದೆ. ಟಿವಿ ಬಂದ್ ಇತ್ತು. ಓಣಿಯ ಹೆಂಗಸರ ಮಾತು ಬಂದಾಗ ಅವ್ವ ನಗುತ್ತಲೇ ನೇಯ್ದಳು, ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು. ತಪ್ಪಿದ ಎರಡು ಕೊಂಡಿಗಳ ಜಾಗಕ್ಕೆ ಬಂದೆ. ಮಗ್ಗದ ಸದ್ದು ನಿಂತಿತು. ತಲೆ ಎತ್ತಿದರೆ ಅವ್ವ ನನ್ನನ್ನೇ ನೋಡುತ್ತಿದ್ದಳು.

“ಇನ್ನೊಮ್ಮೆ ಓದು,” ಅಂದಳು.